ಪಾಸ್‌ವರ್ಡ್ ಸರಿಯಿದೆ, ಬಾಗಿಲು ಮಾತ್ರ ತೆರೆಯದು!

ಮಧ್ಯಾಹ್ನದ ಊಟವಾಗಿದೆ. ಪಾತ್ರೆ ತೊಳೆದಿಟ್ಟು, ಅಡುಗೆಕಟ್ಟೆ ಒರೆಸಿ, ‘ಇನ್ನು ಅರ್ಧ ಗಂಟೆ ನನ್ನದು’ ಎಂದುಕೊಂಡು ನೀವು ಮೊಬೈಲು ಹಿಡಿದು ಕೂತಿದ್ದೀರಿ. ಕರೆಂಟ್ ಬಿಲ್ಲು ಕಟ್ಟಬೇಕು, ಇಲ್ಲವೇ ಮಗಳ ಕಾಲೇಜಿನ ಫೀಜು. ಹೆಸರು ಹಾಕಿದಿರಿ, ಪಾಸ್‌ವರ್ಡ್ ಹಾಕಿದಿರಿ, ಲಾಗಿನ್ ಒತ್ತಿದಿರಿ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಬಂದದ್ದು ಅದೇ ಪುಟ! ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ ಎಂದು ಹೊಸದಾಗಿ ಕೇಳುತ್ತಿದೆ. ‘ನಿಮ್ಮದು ತಪ್ಪು’ ಎಂದು ಹೇಳುವುದೂ ಇಲ್ಲ, ‘ಒಳಗೆ ಬನ್ನಿ’ ಎಂದು ಕರೆಯುವುದೂ ಇಲ್ಲ.

ಆಗ ನಾವು ಮಾಡುವುದೇನು? ಇನ್ನೊಮ್ಮೆ ಹಾಕುತ್ತೇವೆ. ಮತ್ತೊಮ್ಮೆ ಹಾಕುತ್ತೇವೆ. ಪಾಸ್‌ವರ್ಡೇ ಮರೆತಿರಬೇಕು ಎಂದು ಅದನ್ನೂ ಬದಲಿಸುತ್ತೇವೆ. ಹೊಸದನ್ನು ಹಾಕಿದರೂ ಅದೇ ಪುಟ! ಕೊನೆಗೆ ‘ಹಾಳಾದ್ದು, ನನಗೆ ಇದೆಲ್ಲ ತಿಳಿಯೋದೇ ಇಲ್ಲ, ಸಂಜೆ ಮಗ ಬಂದ್ಮೇಲೆ ಮಾಡಿಸ್ಕೊಂಡ್ರಾಯ್ತು’ ಎಂದು ಮೊಬೈಲು ಪಕ್ಕಕ್ಕಿಟ್ಟು ಏಳುತ್ತೇವೆ. ಅರ್ಧ ಗಂಟೆಯೂ ಹೋಯಿತು, ಮನಸ್ಸಿನ ಧೈರ್ಯವೂ ಹೋಯಿತು.

ಸೋದರಿಯರೇ, ಎಷ್ಟೋ ಸಲ ಇದರಲ್ಲಿ ನಿಮ್ಮ ತಪ್ಪು ಏನೂ ಇರುವುದಿಲ್ಲ. ಪಾಸ್‌ವರ್ಡಿನ ತಪ್ಪೂ ಇರುವುದಿಲ್ಲ. ನಿಮ್ಮನ್ನು ಕಾಯಲೆಂದು ಬ್ರೌಸರಿನಲ್ಲಿ ಹಾಕಿದ ಚಿಲಕವೇ ನಿಮ್ಮನ್ನು ಹೊರಗೆ ನಿಲ್ಲಿಸಿರುತ್ತದೆ. ಆ ಚಿಲಕ ಎಲ್ಲಿದೆ, ಅದನ್ನು ಎಷ್ಟು ಸರಿಸಬೇಕು, ಎಷ್ಟು ಸರಿಸಬಾರದು ಎಂಬುದನ್ನು ತಿಳಿದುಕೊಂಡರೆ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.

ಹಾಲು ಉಕ್ಕಿದ್ದು ಒಳ್ಳೆಯದಾಯಿತು

ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ತಮ್ಮ ಲೆಕ್ಕಾಚಾರವನ್ನು ತಾವೇ ನೋಡಿಕೊಳ್ಳುವ ಗಟ್ಟಿಗಿತ್ತಿ. ರಜಕ್ಕೆ ಬಂದಿದ್ದ ಮೊಮ್ಮಗ, ‘ಅಜ್ಜೀ, ನಿನ್ನ ಮೊಬೈಲಲ್ಲಿ ಜಾಹೀರಾತು ಜಾಸ್ತಿ, ಎಲ್ಲರೂ ನಿನ್ನ ಮಾಹಿತಿ ಕದೀತಾರೆ’ ಎಂದು ಏನೇನೋ ಒತ್ತಿ, ಎಲ್ಲ ಬಿಗಿ ಮಾಡಿ ಹಾಸ್ಟೆಲಿಗೆ ಹೊರಟುಹೋದ. ಹುಡುಗನ ಉದ್ದೇಶ ಒಳ್ಳೆಯದೇ. ಆದರೆ ಮಾರನೆಯ ದಿನದಿಂದ ಅಜ್ಜಿಗೆ ಯಾವ ಸೈಟಿಗೂ ಲಾಗಿನ್ ಆಗುತ್ತಿಲ್ಲ.

ಅವರು ಐದಾರು ಸಲ ಪ್ರಯತ್ನಪಟ್ಟರು. ಹಣದ ವ್ಯವಹಾರದ ಸೈಟಿನಲ್ಲಿ ಖಾತೆಗೇ ಒಂದು ದಿನದ ಬೀಗ ಬಿತ್ತು. ಗಾಬರಿಯಾಗಿ ಇಂಟರ್‌ನೆಟ್ಟಿನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿದರು. ಸಿಕ್ಕ ನಂಬರಿಗೆ ಫೋನು ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ, ‘ಅಮ್ಮಾ, ಒಂದು ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಪರದೆ ನನಗೆ ಕಾಣಿಸ್ಲಿ, ನಾನೇ ಸರಿ ಮಾಡಿಕೊಡ್ತೀನಿ’ ಎಂದ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಇವರು ಫೋನಿಟ್ಟು ಓಡಿದರು. ಹಾಲು ಇಳಿಸಿ, ಕಟ್ಟೆ ಒರೆಸುತ್ತಿದ್ದಾಗ ಬುದ್ಧಿ ಕೆಲಸ ಮಾಡಿತು: ಅಲ್ಲಾ, ಲಾಗಿನ್ ಆಗದಿದ್ದರೆ ನನ್ನ ಪರದೆಯನ್ನು ಇವನೇಕೆ ನೋಡಬೇಕು?

ಆ ನಂಬರು ಸೈಟಿನವರದೇ ಆಗಿರಲಿಲ್ಲ. ಅಂದು ಆ ಆ್ಯಪ್ ಹಾಕಿಕೊಂಡಿದ್ದರೆ ಪಿಂಚಣಿಯ ಹಣ ಉಳಿಯುತ್ತಿತ್ತೋ ಇಲ್ಲವೋ! ಸಂಜೆ ಅವರು ನನ್ನಲ್ಲಿಗೆ ಬಂದಾಗ ಇಬ್ಬರೂ ಕೂತು ಮೊಬೈಲು ನೋಡಿದೆವು. ಮೊಮ್ಮಗ ಒತ್ತಿಹೋದ ಒಂದೇ ಒಂದು ಗುಂಡಿ ಎಲ್ಲಕ್ಕೂ ಕಾರಣವಾಗಿತ್ತು. ಅದನ್ನು ಸರಿಪಡಿಸಲು ಹಿಡಿದದ್ದು ಎರಡು ನಿಮಿಷ. ಎರಡು ನಿಮಿಷದ ವಿಷಯ ತಿಳಿಯದೆ ಒಬ್ಬ ಗಟ್ಟಿಗಿತ್ತಿ ಮೋಸದ ಹೊಸ್ತಿಲವರೆಗೆ ಹೋಗಿ ಬಂದಿದ್ದರು. ಅದಕ್ಕೇ ಈ ಲೇಖನ.

ಚಪ್ಪಲಿ ಸ್ಟ್ಯಾಂಡಿನ ಬಿಲ್ಲೆ

ದೇವಸ್ಥಾನಕ್ಕೆ ಹೋಗುತ್ತೀರಿ. ಹೊರಗೆ ಚಪ್ಪಲಿ ಬಿಟ್ಟರೆ ಅಲ್ಲಿಯವನು ನಂಬರಿನ ಬಿಲ್ಲೆಯೊಂದನ್ನು ಕೊಡುತ್ತಾನೆ. ದರ್ಶನ ಮುಗಿಸಿ ಬಂದು ಬಿಲ್ಲೆ ತೋರಿಸಿದರೆ ನಿಮ್ಮ ಚಪ್ಪಲಿ ನಿಮಗೆ. ದಿನಕ್ಕೆ ಸಾವಿರಾರು ಜನ ಬರುವ ಕಡೆ ಅವನು ನಿಮ್ಮ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಬಿಲ್ಲೆಯೊಂದೇ ಗುರುತು. ಬಿಲ್ಲೆ ಕಳೆದುಕೊಂಡಿರೋ, ‘ಯಾರಮ್ಮಾ ನೀವು?’ ಎನ್ನುತ್ತಾನೆ.

ಇಂಟರ್‌ನೆಟ್ಟಿನ ಸೈಟುಗಳೂ ಹೀಗೆಯೇ. ಅವಕ್ಕೆ ಹುಟ್ಟಿನಿಂದಲೇ ಮರೆವು. ನೀವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಿರೆಂದರೆ, ಈಗ ಬಂದವರು ಆಗ ಬಂದವರೇ ಎಂಬುದು ಸೈಟಿಗೆ ತಾನಾಗಿ ತಿಳಿಯುವುದಿಲ್ಲ. ಈ ಮರೆವಿಗೆ ಮದ್ದು ಕಂಡುಹಿಡಿದವರು ಲೂ ಮೊಂಟುಲ್ಲಿ ಎಂಬ ಅಮೆರಿಕದ ಎಂಜಿನಿಯರು. 1994ರಲ್ಲಿ, ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದಾಗ. ನೀವು ಲಾಗಿನ್ ಆದ ಕೂಡಲೇ ಸೈಟು ಒಂದು ಚಿಕ್ಕ ಗುರುತಿನ ಚೀಟಿಯನ್ನು ನಿಮ್ಮ ಬ್ರೌಸರಿಗೆ ಕೊಡುತ್ತದೆ. ಮುಂದಿನ ಪ್ರತಿಯೊಂದು ಪುಟಕ್ಕೂ ಬ್ರೌಸರು ಅದನ್ನು ತೋರಿಸುತ್ತ ಹೋಗುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ಕುಕಿ’. ತಿನ್ನುವ ಬಿಸ್ಕತ್ತಿನ ಹೆಸರೇ. ನಾವಿಲ್ಲಿ ಬಿಲ್ಲೆ ಎಂದೇ ಕರೆಯೋಣ.

ಈಗ ನಿಮ್ಮ ಮಧ್ಯಾಹ್ನದ ಗೋಳು ಏನೆಂದು ಅರ್ಥವಾಯಿತಲ್ಲವೇ? ನೀವು ಪಾಸ್‌ವರ್ಡ್ ಸರಿಯಾಗಿಯೇ ಹಾಕಿದಿರಿ. ಸೈಟು ಒಪ್ಪಿ ಬಿಲ್ಲೆಯನ್ನೂ ಕೊಟ್ಟಿತು. ಆದರೆ ‘ಯಾರ ಬಿಲ್ಲೆಯನ್ನೂ ಇಟ್ಟುಕೊಳ್ಳಬೇಡ’ ಎಂದು ಬ್ರೌಸರಿಗೆ ಅಪ್ಪಣೆಯಾಗಿದೆ. ಅದು ಬಿಲ್ಲೆಯನ್ನು ಬಾಗಿಲಲ್ಲೇ ಬಿಸಾಕಿ ಬರಿಗೈಯಲ್ಲಿ ಒಳಗೆ ಹೋಯಿತು. ‘ಯಾರಮ್ಮಾ ನೀವು? ಹೆಸರು ಹೇಳಿ’ ಎಂದು ಸೈಟು ಮತ್ತೆ ಮೊದಲಿನಿಂದ ಶುರುಮಾಡಿತು. ನೂರು ಸಲ ಪಾಸ್‌ವರ್ಡ್ ಹಾಕಿದರೂ ನೂರು ಸಲವೂ ಇದೇ ಕಥೆ.

ಹಾಗಾದರೆ ತಡೆ ಏಕೆ ಬಂತು?

ಬಿಲ್ಲೆಗಳಲ್ಲಿ ಎರಡು ಬಗೆ. ಒಂದು, ನೀವು ಹೋದ ಮನೆಯವರೇ ಕೊಟ್ಟ ಬಿಲ್ಲೆ. ಇನ್ನೊಂದು, ಆ ಮನೆಯ ಜಗುಲಿಯಲ್ಲಿ ಕೂತ ಹೊರಗಿನವನು ಕೊಟ್ಟದ್ದು. ಇಂಗ್ಲಿಷಿನಲ್ಲಿ ಇದಕ್ಕೆ ‘ಥರ್ಡ್ ಪಾರ್ಟಿ ಕುಕಿ’ ಎನ್ನುತ್ತಾರೆ. ಈ ಹೊರಗಿನವನು ಒಂದೇ ಜಗುಲಿಯಲ್ಲಿ ಕೂರುವವನಲ್ಲ. ನೀವು ಸೀರೆ ನೋಡಿದ ಅಂಗಡಿಯಲ್ಲೂ ಅವನೇ, ಅಡುಗೆ ಓದಿದ ಪುಟದಲ್ಲೂ ಅವನೇ, ಮೊಣಕಾಲು ನೋವಿಗೆ ಮದ್ದು ಹುಡುಕಿದ ಕಡೆಯೂ ಅವನೇ. ಎಲ್ಲ ಕಡೆಯೂ ತನ್ನ ಬಿಲ್ಲೆಯನ್ನು ನಿಮ್ಮಲ್ಲಿ ಕಂಡು, ‘ಓಹೋ, ಇವರಿಗೆ ಸೀರೆ ಬೇಕು, ಮೊಣಕಾಲು ನೋವೂ ಇದೆ’ ಎಂದು ಲೆಕ್ಕ ಬರೆದಿಡುತ್ತಾನೆ. ಒಮ್ಮೆ ನೋಡಿದ ಕುಕ್ಕರು ತಿಂಗಳುಗಟ್ಟಲೆ ನಿಮ್ಮ ಬೆನ್ನು ಹತ್ತುವುದು ಹೀಗೆ.

ಇದಕ್ಕೆ ಕಡಿವಾಣ ಹಾಕಲು ಬ್ರೌಸರುಗಳು ಒಂದೊಂದಾಗಿ ಬಿಗಿಯಾದವು. ಐಫೋನಿನ ಸಫಾರಿ 2017ರಲ್ಲಿ ಶುರುಮಾಡಿ 2020ರ ಮಾರ್ಚ್ ವೇಳೆಗೆ ಹೊರಗಿನ ಬಿಲ್ಲೆಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2019ರಿಂದ ಹಿಂಬಾಲಿಸುವವರ ಬಿಲ್ಲೆಗಳನ್ನು ತಾನಾಗಿಯೇ ತಡೆಯತೊಡಗಿತು. 2022ರಲ್ಲಿ ಇನ್ನೂ ಮುಂದೆ ಹೋಗಿ, ಒಂದೊಂದು ಸೈಟಿನ ಬಿಲ್ಲೆಗಳನ್ನೂ ಒಂದೊಂದು ಡಬ್ಬಿಯಲ್ಲಿಡುವ ಏರ್ಪಾಡು ಮಾಡಿತು. ಮೆಣಸಿನಪುಡಿಯ ಚಮಚ ಸಕ್ಕರೆ ಡಬ್ಬಿಗೆ ಹೋಗದ ಹಾಗೆ! ಬ್ರೇವ್ ಎಂಬ ಬ್ರೌಸರಂತೂ ತಡೆಯನ್ನು ಜೊತೆಯಲ್ಲಿ ಹೊತ್ತುಕೊಂಡೇ ಬರುತ್ತದೆ. ಕ್ರೋಮ್ ತಾನೂ ಹೊರಗಿನ ಬಿಲ್ಲೆ ನಿಲ್ಲಿಸುವುದಾಗಿ 2020ರಲ್ಲಿ ಹೇಳಿ, ಗಡುವು ಮುಂದೂಡುತ್ತ ಬಂದು, 2024ರ ಜುಲೈನಲ್ಲಿ ಆ ಯೋಚನೆ ಕೈಬಿಟ್ಟಿತು. ಅದರಲ್ಲಿ ತಡೆ ಹಾಕುವುದೂ ಬಿಡುವುದೂ ನಿಮ್ಮ ಕೈಯಲ್ಲೇ ಇದೆ.

ಹೊರಗಿನವನನ್ನು ತಡೆದದ್ದು ಒಳ್ಳೆಯದೇ. ಆದರೆ ಕೆಲವೊಮ್ಮೆ ಹೊರಗಿನವನು ಒಳ್ಳೆಯ ಕೆಲಸಕ್ಕೂ ಬಂದಿರುತ್ತಾನೆ. ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂಬ ಗುಂಡಿ, ಹಣ ಕಟ್ಟುವಾಗ ಪುಟದೊಳಗೇ ತೆರೆಯುವ ಬ್ಯಾಂಕಿನ ಕಿಟಕಿ, ನೀವು ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರದ ಚೌಕ, ಇವೆಲ್ಲ ಎಷ್ಟೋ ಸಲ ಬೇರೆ ಸೈಟಿನಿಂದ ಬಂದವು. ಕಳ್ಳನೆಂದು ಬಾಗಿಲು ಹಾಕಿದರೆ ಅಂಚೆಯವನೂ ಹೊರಗೆ ನಿಂತ ಹಾಗೆ.

ಲಕ್ಷಣ ನೋಡಿ ಮದ್ದು ಮಾಡಿ

ಮಗುವಿಗೆ ಜ್ವರ ಬಂದಾಗ ನಾಲಿಗೆ ನೋಡುತ್ತೇವೆ, ಹೊಟ್ಟೆ ಮುಟ್ಟಿ ನೋಡುತ್ತೇವೆ. ಹಾಗೆಯೇ ಇಲ್ಲಿಯೂ ಮೊದಲು ಲಕ್ಷಣ ನೋಡಿ.

ಏನೂ ಹೇಳದೆ ಅದೇ ಲಾಗಿನ್ ಪುಟ ಮತ್ತೆ ಮತ್ತೆ ಬರುತ್ತಿದೆ, ಅದೂ ಎಲ್ಲ ಸೈಟುಗಳಲ್ಲಿ: ಬ್ರೌಸರು ಬಿಲ್ಲೆಗಳನ್ನೆಲ್ಲ ಎಸೆಯುತ್ತಿರಬೇಕು. ನಮ್ಮ ಟೀಚರಮ್ಮನಿಗೆ ಆದದ್ದು ಇದೇ.

ಒಂದೇ ಸೈಟಿನಲ್ಲಿ ಹೀಗಾಗುತ್ತಿದೆ, ಬೇರೆಯವೆಲ್ಲ ಸರಿಯಿವೆ: ಆ ಸೈಟಿನ ಹಳೆಯ ಬಿಲ್ಲೆ ಕೆಟ್ಟು ಕೂತಿರಬಹುದು, ಅಥವಾ ಆ ಸೈಟಿಗೆ ಹೊರಗಿನ ಬಿಲ್ಲೆ ಬೇಕಾಗಿರಬಹುದು.

ಇವತ್ತು ಒಳಗೆ ಹೋಗುತ್ತೀರಿ, ನಾಳೆ ಮತ್ತೆ ಕೇಳುತ್ತದೆ: ಬ್ರೌಸರು ಮುಚ್ಚಿದಾಗಲೆಲ್ಲ ಬಿಲ್ಲೆ ಅಳಿಸುವ ಏರ್ಪಾಡಿದೆ, ಇಲ್ಲವೇ ನೀವು ಇನ್‌ಕಾಗ್ನಿಟೊ ಎಂಬ ಗುಪ್ತ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದೀರಿ. ಆ ಕಿಟಕಿ ಮುಚ್ಚಿದೊಡನೆ ಎಲ್ಲವನ್ನೂ ಮರೆಯುತ್ತದೆ.

ಹಣ ಕಟ್ಟುವ ಕಡೆ ಬಿಳಿ ಚೌಕ ಮಾತ್ರ ಕಾಣುತ್ತದೆ, ಪರೀಕ್ಷೆಯ ಚಿತ್ರ ಬರುವುದೇ ಇಲ್ಲ: ಹೊರಗಿನ ಬಿಲ್ಲೆಯ ತಡೆ, ಅಥವಾ ಜಾಹೀರಾತು ತಡೆಯಲೆಂದು ಬ್ರೌಸರಿಗೆ ಸೇರಿಸಿದ ಉಪಕರಣದ ಕೆಲಸ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬಂದ ಕೊಂಡಿ ಒತ್ತಿದಾಗ ಮಾತ್ರ ಲಾಗಿನ್ ಕೇಳುತ್ತದೆ: ಆ ಆ್ಯಪ್‌ಗಳು ತಮ್ಮೊಳಗೇ ಒಂದು ಕಿಟಕಿ ತೆರೆಯುತ್ತವೆ. ನಿಮ್ಮ ಮಾಮೂಲಿ ಬ್ರೌಸರಿನ ಬಿಲ್ಲೆ ಅಲ್ಲಿ ನಡೆಯುವುದಿಲ್ಲ. ಸೈಟನ್ನು ನಿಮ್ಮ ಬ್ರೌಸರಿನಲ್ಲೇ ತೆರೆಯಿರಿ.

‘ಪಾಸ್‌ವರ್ಡ್ ತಪ್ಪು’ ಎಂದು ಬರೆದೇ ತೋರಿಸುತ್ತದೆ: ಆಗ ಬಿಲ್ಲೆಯ ಗೊಡವೆ ಬೇಡ, ಪಾಸ್‌ವರ್ಡನ್ನೇ ನೋಡಿ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯಾಗಿದೆಯೇ, ಕೊನೆಯಲ್ಲಿ ಕಾಣದ ಖಾಲಿ ಜಾಗ ಸೇರಿದೆಯೇ, ಕೀಲಿಮಣೆ ಕನ್ನಡದಲ್ಲೇ ಉಳಿದಿದೆಯೇ ಎಂದು ಪರೀಕ್ಷಿಸಿ.

ಇನ್ನು, ಬ್ಯಾಂಕಿನ ಸೈಟು ಕೆಲವೇ ನಿಮಿಷ ಸುಮ್ಮನಿದ್ದರೆ ತಾನಾಗಿ ಹೊರಗೆ ಕಳಿಸುವುದು ರೋಗವಲ್ಲ, ಕಾವಲು. ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹೊರಗೆ ಹಾಕಿತೆಂದು ಬೈಯಬೇಡಿ!

ಒಂದೊಂದಾಗಿ ಹೀಗೆ ಮಾಡಿ

ಮೊದಲನೆಯದು. ಎರಡು ಸಲ ಆಗದಿದ್ದರೆ ನಿಲ್ಲಿಸಿ. ಮೂರನೆಯ, ನಾಲ್ಕನೆಯ ಸಲ ಹಾಕುತ್ತ ಹೋದರೆ ಖಾತೆಗೇ ಬೀಗ ಬೀಳಬಹುದು. ಆಗ ಒಂದು ತೊಂದರೆ ಎರಡಾಗುತ್ತದೆ.

ಎರಡನೆಯದು. ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಇದು ಎಲ್ಲಕ್ಕಿಂತ ಮುಖ್ಯ. ಪಾಸ್‌ವರ್ಡ್ ಕದಿಯುವ ಕಳ್ಳ ಸೈಟುಗಳೂ ಇದೇ ಆಟ ಆಡುತ್ತವೆ. ನಿಜವಾದ ಸೈಟಿನಂತೆಯೇ ಕಾಣುವ ಪುಟ ತೋರಿಸಿ, ನೀವು ಹಾಕಿದ ಪಾಸ್‌ವರ್ಡ್ ನುಂಗಿ, ‘ಮತ್ತೆ ಹಾಕಿ’ ಎನ್ನುತ್ತವೆ. ಸಂದೇಶದಲ್ಲಿ ಬಂದ ಕೊಂಡಿ ಒತ್ತಿ ಬಂದಿದ್ದರೆ ಆ ಪುಟ ಮುಚ್ಚಿ, ವಿಳಾಸವನ್ನು ನೀವೇ ಟೈಪು ಮಾಡಿ ಹೋಗಿ. ಚಿಲಕ ಸಡಿಲಿಸುವ ಮೊದಲು ಬಾಗಿಲಲ್ಲಿ ನಿಂತವರು ಯಾರು ಎಂದು ನೋಡುವುದಿಲ್ಲವೇ? ಹಾಗೆ.

ಮೂರನೆಯದು. ಮೊಬೈಲಿನ ದಿನಾಂಕ, ಗಂಟೆ ಸರಿಯಿದೆಯೇ ನೋಡಿ. ನಗಬೇಡಿ! ಆಟದಲ್ಲಿ ಹೊಸ ‘ಜೀವ’ ಬೇಗ ಸಿಗಲೆಂದು ಮಕ್ಕಳು ದಿನಾಂಕ ಮುಂದಕ್ಕೆ ಹಾಕಿರುವುದುಂಟು. ಬಿಲ್ಲೆಗಳಿಗೂ ಔಷಧಿಯ ಹಾಗೆ ಅವಧಿ ಇರುತ್ತದೆ. ದಿನಾಂಕ ಮುಂದಿದ್ದರೆ ಬಂದ ಬಿಲ್ಲೆಯ ಅವಧಿ ಬಂದಾಗಲೇ ಮುಗಿದಿರಬಹುದು.

ನಾಲ್ಕನೆಯದು. ನೀವು ಗುರುತು ಮಾಡಿಟ್ಟುಕೊಂಡ ಹಳೆಯ ಪುಟದಿಂದ ಹೋಗುತ್ತಿದ್ದರೆ ಅದನ್ನು ಬಿಟ್ಟು ಸೈಟಿನ ಮೊದಲ ಪುಟದಿಂದ ಹೋಗಿ. ಎಂದೋ ಲಾಗಿನ್ ನಡುವೆ ಉಳಿಸಿಟ್ಟ ಪುಟಕ್ಕೆ ಹಳಸಿದ ವಿಳಾಸವಿರುತ್ತದೆ.

ಐದನೆಯದು. ಒಂದು ಪರೀಕ್ಷೆ ಮಾಡಿ. ಗುಪ್ತ ಕಿಟಕಿ ತೆರೆದು ಅಲ್ಲಿ ಲಾಗಿನ್ ಆಗಿ ನೋಡಿ. ಆ ಕಿಟಕಿಯಲ್ಲಿ ಹಳೆಯ ಬಿಲ್ಲೆಗಳಿರುವುದಿಲ್ಲ. ಕ್ರೋಮ್‌ನಲ್ಲಾದರೆ, ನೀವಾಗಿ ಒಪ್ಪಿಗೆ ಕೊಡದ ಹೊರತು ಸೇರಿಸಿದ ಉಪಕರಣಗಳೂ ಅಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಸಲೀಸಾಗಿ ಆದರೆ ರೋಗ ಸಿಕ್ಕಿತು: ಕೆಟ್ಟ ಬಿಲ್ಲೆ ಅಥವಾ ಆ ಉಪಕರಣ. ಅಲ್ಲಿಯೂ ಆಗದಿದ್ದರೆ ಗಾಬರಿ ಬೇಡ. ಗುಪ್ತ ಕಿಟಕಿಯಲ್ಲಿ ಹೊರಗಿನ ಬಿಲ್ಲೆಗೆ ತಡೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇನ್ನೊಂದು ಬ್ರೌಸರಿನಲ್ಲಿ ಪ್ರಯತ್ನಿಸಿ. ಅದರಲ್ಲಿಯೂ ಆಗದಿದ್ದರೆ ತೊಂದರೆ ಸೈಟಿನವರ ಕಡೆಯದೇ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಆರನೆಯದು. ಆ ಒಂದು ಸೈಟಿನ ಬಿಲ್ಲೆಯನ್ನು ಮಾತ್ರ ಅಳಿಸಿ. ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಚಿಕ್ಕ ಗುರುತನ್ನು ಒತ್ತಿದರೆ ಆ ಸೈಟಿನ ಕುಕಿಗಳ ಸಾಲು ಕಾಣುತ್ತದೆ. ಅಲ್ಲಿಂದಲೇ ಅಳಿಸಬಹುದು. ‘ಎಲ್ಲ ಅಳಿಸು’ ಒತ್ತಬೇಡಿ. ಒತ್ತಿದರೆ ಎಲ್ಲ ಸೈಟುಗಳಿಂದಲೂ ಒಂದೇ ಏಟಿಗೆ ಹೊರಬೀಳುತ್ತೀರಿ. ಆಮೇಲೆ ಒಂದೊಂದರ ಪಾಸ್‌ವರ್ಡನ್ನೂ ನೆನಪು ಮಾಡಿಕೊಳ್ಳುವ ಪಾಡು! ಒಂದು ಹುಳುಕು ಬೇಳೆ ಸಿಕ್ಕಿತೆಂದು ಇಡೀ ಉಗ್ರಾಣ ಚೆಲ್ಲುವವರುಂಟೇ?

ಏಳನೆಯದು. ಇಷ್ಟಕ್ಕೂ ಬಗ್ಗದಿದ್ದರೆ ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಿ.

ಯಾವ ಬ್ರೌಸರಿನಲ್ಲಿ ಎಲ್ಲಿ?

ಕ್ರೋಮ್: ಮೊಬೈಲಿನಲ್ಲಿ ಮೂಲೆಯ ಮೂರು ಚುಕ್ಕೆ ಒತ್ತಿ, ‘ಸೆಟ್ಟಿಂಗ್ಸ್’, ಅದರಲ್ಲಿ ‘ಸೈಟ್ ಸೆಟ್ಟಿಂಗ್ಸ್’. ಅಲ್ಲಿ ಎರಡು ಸಾಲು ನೋಡಿ. ‘ಆನ್ ಡಿವೈಸ್ ಸೈಟ್ ಡೇಟಾ’ ಎಂಬುದು ಎಲ್ಲ ಬಿಲ್ಲೆಗಳ ಹೆಬ್ಬಾಗಿಲು. ಇದು ಮುಚ್ಚಿದ್ದರೆ ಎಲ್ಲೂ ಲಾಗಿನ್ ನಿಲ್ಲುವುದಿಲ್ಲ. ನಮ್ಮ ಟೀಚರಮ್ಮನ ಮೊಮ್ಮಗ ಮುಚ್ಚಿಹೋದದ್ದು ಇದನ್ನೇ. ಇದನ್ನು ತೆರೆದಿಡಿ. ‘ಥರ್ಡ್ ಪಾರ್ಟಿ ಕುಕೀಸ್’ ಎಂಬುದು ಹೊರಗಿನವರ ಬಾಗಿಲು. ಇದು ಮುಚ್ಚಿಯೇ ಇರಲಿ, ಬೇಕಾದ ಸೈಟಿನ ಹೆಸರನ್ನು ಮಾತ್ರ ಅನುಮತಿಯ ಪಟ್ಟಿಗೆ ಸೇರಿಸಿ. ಕಂಪ್ಯೂಟರಿನಲ್ಲಿ ಇವು ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ ಎಂಬುದರೊಳಗಿವೆ.

ಫೈರ್‌ಫಾಕ್ಸ್: ವಿಳಾಸದ ಎಡಕ್ಕೆ ಗುರಾಣಿಯ ಚಿತ್ರವಿದೆ. ಅದನ್ನು ಒತ್ತಿ ಆ ಸೈಟಿಗೆ ಮಾತ್ರ ಕಾವಲನ್ನು ಸರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಯಾರಾದರೂ ‘ಎಲ್ಲ ಕುಕಿಗಳೂ ಬೇಡ’ ಎಂಬುದನ್ನು ಆರಿಸಿದ್ದರೆ ತೆಗೆಯಿರಿ. ಹೀಗೆ ಆರಿಸಿದರೆ ಸೈಟುಗಳು ಕೆಡುತ್ತವೆ ಎಂದು ಫೈರ್‌ಫಾಕ್ಸಿನವರೇ ಆ ಸಾಲಿನ ಪಕ್ಕ ಎಚ್ಚರಿಕೆ ಬರೆದಿದ್ದಾರೆ! ಮುಚ್ಚಿದಾಗಲೆಲ್ಲ ಬಿಲ್ಲೆ ಅಳಿಸುವ ಆಯ್ಕೆಯೂ ಅಲ್ಲೇ ಇದೆ.

ಬ್ರೇವ್: ವಿಳಾಸದ ಪಕ್ಕದ ಸಿಂಹದ ಮುಖ ಒತ್ತಿದರೆ ಆ ಸೈಟಿನ ಮಟ್ಟಿಗೆ ತಡೆಯನ್ನು ಇಳಿಸಬಹುದು.

ಐಫೋನಿನ ಸಫಾರಿ: ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ. ಹೊಸ ಫೋನುಗಳಲ್ಲಿ ‘ಆ್ಯಪ್ಸ್’ ಎಂಬುದರೊಳಗೆ ಸಫಾರಿ ಇದೆ. ‘ಬ್ಲಾಕ್ ಆಲ್ ಕುಕೀಸ್’ ಎಂಬುದು ಹಚ್ಚಿದ್ದರೆ ಆರಿಸಿ. ‘ಪ್ರಿವೆಂಟ್ ಕ್ರಾಸ್ ಸೈಟ್ ಟ್ರ್ಯಾಕಿಂಗ್’ ಎಂಬುದು ಹೊರಗಿನವರ ತಡೆ. ಇಲ್ಲಿ ಒಂದೊಂದು ಸೈಟಿಗೆ ಬೇರೆ ಬೇರೆ ಅನುಮತಿ ಕೊಡಲು ಬರುವುದಿಲ್ಲ. ಕೆಲಸವಿರುವಷ್ಟು ಹೊತ್ತು ಆರಿಸಿ, ಮುಗಿದೊಡನೆ ಮತ್ತೆ ಹಚ್ಚಿ.

ಕಂಪನಿಯವರು ಈ ಸಾಲುಗಳ ಜಾಗವನ್ನು ಆಗಾಗ ಬದಲಿಸುತ್ತಿರುತ್ತಾರೆ. ಹೇಳಿದ ಜಾಗದಲ್ಲಿ ಕಾಣದಿದ್ದರೆ, ಸೆಟ್ಟಿಂಗ್ಸ್ ಪುಟದಲ್ಲಿ ಹುಡುಕುವ ಚೌಕವಿದ್ದರೆ ಅದರಲ್ಲಿ ‘ಕುಕೀಸ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ನೋಡಿ. ಬದಲಾಯಿಸಿದ ಮೇಲೆ ಸೈಟಿನ ಪುಟವನ್ನು ಮುಚ್ಚಿ ಹೊಸದಾಗಿ ತೆರೆಯುವುದನ್ನು ಮರೆಯಬೇಡಿ.

ಎಲ್ಲ ಬಾಗಿಲೂ ತೆರೆಯಬೇಡಿ

‘ಅಯ್ಯೋ, ಇಷ್ಟೆಲ್ಲ ಯಾರಿಗೆ ಬೇಕು, ತಡೆಯನ್ನೆಲ್ಲ ತೆಗೆದುಬಿಟ್ರೆ ಆಯ್ತಲ್ವಾ?’ ಎಂದು ಟೀಚರಮ್ಮನೂ ಕೇಳಿದರು. ಆಗುವುದಿಲ್ಲವೆಂದಲ್ಲ, ಆಗುತ್ತದೆ. ಆದರೆ ಒಬ್ಬ ನೆಂಟರು ಬರುತ್ತಾರೆಂದು ರಾತ್ರಿಯಿಡೀ ಬಾಗಿಲು ತೆರೆದಿಟ್ಟು ಮಲಗುತ್ತೇವೆಯೇ?

ಗುಟ್ಟು ಎಂದರೆ ತಪ್ಪು ಕೆಲಸ ಎಂದೇ ನಮಗೆ ಹೇಳಿಕೊಟ್ಟಿದ್ದಾರೆ. ಹಾಗೇನೂ ಅಲ್ಲ. ಹೆಣ್ಣಿನ ದೇಹದ ತೊಂದರೆ, ಮಗಳ ಮದುವೆಯ ಚಿಂತೆ, ಕೈಯಲ್ಲಿ ಉಳಿಸಿದ ನಾಲ್ಕು ಕಾಸು, ಇವುಗಳ ಬಗ್ಗೆ ಓದಿದ್ದನ್ನು ಜಗುಲಿಯ ಅಪರಿಚಿತನೊಬ್ಬ ಲೆಕ್ಕ ಬರೆದಿಡಬೇಕಾಗಿಲ್ಲ. ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವ ಕಡೆಯಂತೂ ಇದು ಇನ್ನೂ ಮುಖ್ಯ. ಅಂಥ ಮನೆಯಲ್ಲಿ ಗುಪ್ತ ಕಿಟಕಿ ಒಳ್ಳೆಯ ಗೆಳತಿ. ನೀವು ಓದಿದ್ದರ ಪಟ್ಟಿ ಮೊಬೈಲಿನಲ್ಲಿ ಉಳಿಯುವುದಿಲ್ಲ. ಆದರೆ ಅದು ಮುಚ್ಚುವುದು ಮನೆಯವರ ಕಣ್ಣನ್ನು ಮಾತ್ರ. ನೀವು ಹೋದ ಸೈಟಿಗೂ, ಇಂಟರ್‌ನೆಟ್ ಕೊಡುವ ಕಂಪನಿಗೂ ನಿಮ್ಮ ಸುಳಿವು ಇದ್ದೇ ಇರುತ್ತದೆ ಎಂಬುದು ನೆನಪಿರಲಿ.

ಆದ್ದರಿಂದ ಸೂತ್ರ ಇಷ್ಟೇ: ಮನೆಯವರ ಬಿಲ್ಲೆಗೆ ಹೂಂ ಅನ್ನಿ, ಹೊರಗಿನವರ ಬಿಲ್ಲೆಗೆ ಊಹೂಂ ಅನ್ನಿ, ನಂಬಿದ ಒಂದೆರಡು ಸೈಟಿಗೆ ಮಾತ್ರ ವಿನಾಯಿತಿ ಕೊಡಿ.

ಇವಿಷ್ಟು ನೆನಪಿಡಿ

• ಲಾಗಿನ್ ಆಗದಿದ್ದಾಗ ಸಹಾಯದ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಪಾಸ್‌ಬುಕ್ಕಿನ ಮೇಲೆ, ಕಾರ್ಡಿನ ಹಿಂದೆ, ಬಿಲ್ಲಿನ ಮೇಲೆ ಅಚ್ಚಾಗಿರುವ ನಂಬರನ್ನೇ ಬಳಸಿ.

• ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದವರ ಫೋನನ್ನು ಆ ಕ್ಷಣವೇ ಇಟ್ಟುಬಿಡಿ. ಓಟಿಪಿ, ಪಿನ್, ಪಾಸ್‌ವರ್ಡ್ ಯಾರು ಕೇಳಿದರೂ ಹೇಳಬೇಡಿ.

• ಹಣ ಹೋಯಿತೆಂದು ತಿಳಿದೊಡನೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇದು ಸೈಬರ್ ವಂಚನೆಗೆಂದೇ ಸರ್ಕಾರ ಇಟ್ಟಿರುವ ರಾಷ್ಟ್ರೀಯ ಸಹಾಯವಾಣಿ. ನಾಚಿಕೆಯಿಂದ ತಡಮಾಡಿದಷ್ಟೂ ಹಣ ಕೈಜಾರುತ್ತದೆ.

• ಬೇರೆಯವರ ಕಂಪ್ಯೂಟರಿನಲ್ಲಿ, ಸೈಬರ್ ಸೆಂಟರಿನಲ್ಲಿ ಲಾಗಿನ್ ಆದರೆ ಕೆಲಸ ಮುಗಿದ ಮೇಲೆ ‘ಲಾಗ್‌ಔಟ್’ ಒತ್ತಿಯೇ ಏಳಿ. ಬರೀ ಪುಟ ಮುಚ್ಚಿದರೆ ನಿಮ್ಮ ಬಿಲ್ಲೆ ಅಲ್ಲೇ ಉಳಿದು, ನಿಮ್ಮ ನಂತರ ಕೂತವರಿಗೆ ದಕ್ಕಬಹುದು.

• ಯಾವ ಗುಂಡಿಯನ್ನು ಎಂದು ಬದಲಿಸಿದಿರಿ ಎಂಬುದನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ.

• ಮಕ್ಕಳು, ಮೊಮ್ಮಕ್ಕಳು ನಿಮ್ಮ ಮೊಬೈಲು ‘ಸರಿಮಾಡಿದರೆ’, ಏನು ಮಾಡಿದಿರಿ ಎಂದು ಕೇಳಿ, ಒಮ್ಮೆ ನಿಮ್ಮ ಕೈಯಿಂದಲೇ ಮಾಡಿಸಿಕೊಳ್ಳಿ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ನಾವು ಹೊಸ ಕುಕ್ಕರು ತಂದಾಗ ಗ್ಯಾಸ್ಕೆಟ್ಟು ಎಲ್ಲಿ, ವೆಯಿಟು ಎಲ್ಲಿ, ಸೇಫ್ಟಿ ವಾಲ್ವು ಎಲ್ಲಿ ಎಂದು ತಿಳಿದುಕೊಂಡೆವು. ಸೀಟಿ ಕೂಗದಿದ್ದರೆ ಗಂಡನನ್ನು ಕರೆಯಲಿಲ್ಲ, ನಾವೇ ಮುಚ್ಚಳ ತೆಗೆದು ನೋಡಿದೆವು. ಬ್ರೌಸರು ಅದಕ್ಕಿಂತ ಕಷ್ಟದ್ದೇನೂ ಅಲ್ಲ. ತಿಳಿಯದವಳು ನಾನು ಎಂದು ನೀವೇ ಒಪ್ಪಿಕೊಂಡ ಕ್ಷಣದಿಂದ ಬೇರೆಯವರು ನಿಮ್ಮ ಕೆಲಸಕ್ಕೆ ಕೈಹಾಕಲು ಶುರುಮಾಡುತ್ತಾರೆ. ಅವರಲ್ಲಿ ಮನೆಯ ಮಕ್ಕಳೂ ಇರುತ್ತಾರೆ, ಮೋಸಗಾರರೂ ಇರುತ್ತಾರೆ.

ನಮ್ಮ ಟೀಚರಮ್ಮ ಹೋದ ತಿಂಗಳು ದಸರಾ ರಜಕ್ಕೆ ಬಂದ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು, ಒಳಗಿನ ಬಿಲ್ಲೆ ಯಾವುದು, ಹೊರಗಿನ ಬಿಲ್ಲೆ ಯಾವುದು ಎಂದು ಪಾಠ ಹೇಳಿದರಂತೆ. ಹುಡುಗ ಬಾಯಿ ತೆರೆದುಕೊಂಡು ಕೇಳಿದನಂತೆ. ‘ಈಗ ನನ್ನ ಮೊಬೈಲು ಯಾರಾದ್ರೂ ಮುಟ್ಟಬೇಕಾದ್ರೆ ನನ್ನ ಅಪ್ಪಣೆ ಬೇಕು ಕಣ್ರೀ’ ಎಂದು ನಕ್ಕರು.

ಮುಂದಿನ ಸಲ ಅದೇ ಲಾಗಿನ್ ಪುಟ ಮತ್ತೆ ಬಂದಾಗ ನೀವೂ ಗಾಬರಿಯಾಗಬೇಡಿ. ಒಂದು ಲೋಟ ನೀರು ಕುಡಿದು, ಚಿಲಕ ಎಲ್ಲಿದೆ ಎಂದು ನೋಡಿ. ಮಧ್ಯಾಹ್ನದ ಆ ಅರ್ಧ ಗಂಟೆ ನಿಮ್ಮದಾಗಿಯೇ ಉಳಿಯಲಿ.